ಜಾಂಜಿಬಾರಿನ ಎರಡು ತಾರೀಖು

೧೯೮೭ ಮೇ ೮, ಶುಕ್ರವಾರ

ಬಂದೆ! ಬಂದೇಬಿಟ್ಟೆ! ಮಂಗಳೂರು ಬಿಟ್ಟರೆ ಬೊಂಬಾಯಿಯ ವಿಮಾನ ನಿಲ್ದಾಣ ಮಾತ್ರ ನೋಡಿರುವ ಈ ವಾರಿಜಾಕ್ಷಿ ಈಗ ಒಮಾನಿನ ಅಲ್ ಮಬೇಲಾ ಎಂಬ ಊರಿನಲ್ಲಿ, ಸ್ವಂತ ಅಡುಗೆಮನೆಯಲ್ಲಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದಾಳೆ!

ಮೇಲಿನಿಂದ ಕಂಡ ಗುಡ್ಡಗಳಲ್ಲಿ ಹುಡುಕಿದರೂ ಒಂದು ಮರವಿಲ್ಲ, ತಿರುಪತಿಯಿಂದ ಬಂದವರ ತಲೆಯ ಹಾಗೆ. ಭೋಜ ನಮ್ಮ ಮದುವೆಯ ಮರುದಿನ ಹಾಕಿದ್ದ ಅದೇ ಸಫಾರಿ ಸೂಟಿನಲ್ಲಿ ಬಂದು ನಿಂತಿದ್ದರು. ದಾರಿಯುದ್ದಕ್ಕೂ ಏನೇನು ಹೇಳುವರೋ ಎಂದು ಕಾದರೆ, ಕೇಳಿದ್ದು ಒಂದೇ: "ಹಸಿವಾ?" ನನಗೆ ನಗು ತಡೆಯಲಾಗಲಿಲ್ಲ. ಭೋಜರಾಜ ಎಂದು ಎಷ್ಟು ಗಂಭೀರವಾದ ಹೆಸರಿಟ್ಟಿದ್ದಾರೆ ಅತ್ತೆ!

ಕಾನ್ವೆಂಟಿನಲ್ಲಿ ಓದಿದವಳು ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ಇಂಗ್ಲಿಷಿನಲ್ಲಿ ಬರೆದರೆ ಸಿಸ್ಟರ್ ಬಂದು ತಿದ್ದುತ್ತಾರೆ ಅನಿಸುತ್ತದೆ. ತುಳುವಿನಲ್ಲಿ ಬರೆದು ಅಭ್ಯಾಸವಿಲ್ಲ. ಕನ್ನಡ ಓದಬಲ್ಲವರು ಇಲ್ಲಿ ಭೋಜ ಒಬ್ಬರೇ, ಅವರಿಗೆ ನನ್ನ ಕೈಬರಹ ಅರ್ಥವಾಗುವುದಿಲ್ಲ. ಸೇಫ್!

ಎರಡು ಕೋಣೆ, ಒಂದು ಅಡುಗೆಮನೆ. ದೊಡ್ಡ ಮನೆಯ ಹಿಂದೆ, ಅದರದೇ ಕಾಂಪೌಂಡಿನಲ್ಲಿ. ನಡುವೆ ಒಂದು ಗೋಡೆ, ಗೋಡೆಗೊಂದು ನೀಲಿ ಗೇಟು. ಆಚೆ ಮನೆಯೊಡತಿ ಒಬ್ಬರೇ ಇರುವುದು, ಬಾಡಿಗೆ ಲೆಕ್ಕ ಅವರ ತಮ್ಮನದಂತೆ. ಎಸಿ ಹಾಕಿದರೆ ಘಾಟಿ ಹತ್ತುವ ಬಸ್ಸಿನ ಸದ್ದು. ಎಲ್ಲವೂ ಎಷ್ಟು ಚೆಂದ!

ಮೇ ೧೦, ಭಾನುವಾರ

ಭೋಜ ಸೂರ್ ಎಂಬ ದೂರದ ಊರಿಗೆ ಹೋದರು. ಅವರ ಕಂಪನಿ ಅಲ್ಲಿ ರಸ್ತೆ ಮಾಡುತ್ತಿದೆಯಂತೆ, ಇವರು ಸೈಟ್ ಸೂಪರ್‌ವೈಸರ್. ಇಲ್ಲಿ ವಾರದ ರಜೆ ಗುರುವಾರ, ಶುಕ್ರವಾರ; ಹಾಗಾಗಿ ಎರಡು ವಾರಕ್ಕೊಮ್ಮೆ ಬುಧವಾರ ಸಂಜೆ ಬರುವುದು, ಶುಕ್ರವಾರ ಸಂಜೆ ಹೊರಡುವುದು. ಮದುವೆ ಮಾತುಕತೆಯಲ್ಲಿ "ಹುಡುಗ ಮಸ್ಕತಿನಲ್ಲಿ" ಅಂದರೇ ಹೊರತು ಸೂರ್ ಎಂಬ ಎರಡಕ್ಷರ ಯಾರ ಬಾಯಲ್ಲೂ ಬರಲಿಲ್ಲ.

"ಮಸ್ಕತಿನ ರುವಿಯಲ್ಲಿ ಕಂಪನಿ ಫ್ಲಾಟ್ ಖಾಲಿಯಾದ ಕೂಡಲೇ ಅಲ್ಲಿಗೆ ಹೋಗುವ. ನಮ್ಮವರೆಲ್ಲ ಅಲ್ಲೇ ಇರುವುದು. ಅಷ್ಟರವರೆಗೆ ಸುಧಾರಿಸಿಕೋ ಮಾರಾಯ್ತಿ," ಅಂದರು.

ಸುಧಾರಿಸಿಕೊಳ್ಳುತ್ತೇನೆ. ಅದೇನು ದೊಡ್ಡ ವಿಷಯ!

ಮೇ ೧೩, ಬುಧವಾರ

ಇವತ್ತು ಮಾತಾಡಿದ್ದು: ಫ್ರಿಜ್ಜಿನ ಹತ್ತಿರ, ಎರಡು ಸಲ.

ಮೇ ೧೯, ಮಂಗಳವಾರ

ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ಒಂದು ಸದ್ದು ಬರುತ್ತಿತ್ತು. ಕರ್ರ್, ಕರ್ರ್, ಸ್ವಲ್ಪ ತಡೆದು ಮತ್ತೆ ಕರ್ರ್. ಎಲ್ಲೋ ಕೇಳಿದ ಸದ್ದು, ಎಲ್ಲಿ ಅಂತ ಹೊಳೆಯುತ್ತಿರಲಿಲ್ಲ. ಇವತ್ತು ಒಡೆದ ತೆಂಗಿನಕಾಯಿಯನ್ನು ಚಮಚದಲ್ಲಿ ಕೆರೆದು ಕೆರೆದು ಬೆರಳು ತರಚಿಕೊಂಡು ಸಿಟ್ಟಿನಲ್ಲಿ ಕೂತಿದ್ದಾಗ ಹೊಳೆಯಿತು. ಕಾಯಿ ಹೆರೆಯುವ ಸದ್ದು! ಅರಬರ ಮನೆಯಲ್ಲಿ!

ಕಾಯಿ ಕಡಿ ಹಿಡಿದುಕೊಂಡೇ ಗೇಟು ತಟ್ಟಿದೆ. ಮನೆಯೊಡತಿ ಒಳಗೆ ಕರೆದರು. ನಡುಮನೆಯಲ್ಲಿ ಪುಟ್ಟ ಮರದ ಮಣೆ, ಮುಂದಕ್ಕೆ ಚಾಚಿದ ಕಬ್ಬಿಣದ ನಾಲಗೆ, ಅದಕ್ಕೆ ಹಲ್ಲು. ಅಮ್ಮನ ಹೆರೆಮಣೆಯೇ! ನಾನು ಅಲ್ಲೇ ನೆಲದಲ್ಲಿ ಕೂತು ಅತ್ತುಬಿಟ್ಟೆ. ಅವರಿಗೆ ಗಾಬರಿ, ನೀರು ತರಲು ಎದ್ದರು. ರಂಜಾನಿನ ಉಪವಾಸದಲ್ಲಿರುವವರ ಕೈಯಿಂದ ನೀರು ಕುಡಿದೆ, ನಾಚಿಕೆಗೇಡಿ ನಾನು.

"ನಮ್ಮ ಕಡೆ ಇದನ್ನು ಎಂಬೂಜಿ ಅನ್ನುತ್ತೇವೆ. ಅಂದರೆ ಆಡು," ಎಂದರು. ಎಂಥ ಇಂಗ್ಲಿಷು ಅಂತೀರಿ! ನಮ್ಮ ಸಿಸ್ಟರುಗಳಿಗಿಂತ ಒಂದು ಕೈ ಮೇಲು. "ಕೂರು ಬಿಂತಿ, ಆಡು ಒದೆಯುವುದಿಲ್ಲ."

ಬಿಂತಿ ಅಂದರೆ ಮಗಳೇ ಅಂತ. ಅವರ ಹೆಸರು ಝುವೇನಾ. ಹಿರಿಯರನ್ನು ಬೀ ಸೇರಿಸಿ ಕರೆಯಬೇಕಂತೆ, ಬೀ ಝುವೇನಾ. ನಲವತ್ತೆರಡೋ ನಲವತ್ತಮೂರೋ ಇರಬಹುದು. ಹುಟ್ಟಿದ್ದು ಜಾಂಜಿಬಾರಿನಲ್ಲಿ. ಆಫ್ರಿಕಾದ ಪಕ್ಕದ ದ್ವೀಪ, ಲವಂಗಕ್ಕೆ ಹೆಸರಾದದ್ದು. ಸಂಜೆ ಉಪವಾಸ ಬಿಟ್ಟ ಮೇಲೆ ಒಂದು ಬಟ್ಟಲು ತಂದುಕೊಟ್ಟರು: ತೆಂಗಿನ ಹಾಲಿನಲ್ಲಿ ಬೇಯಿಸಿದ ಬಾಳೆಹಣ್ಣು, ಏಲಕ್ಕಿ ಹಾಕಿ. ಈ ಊರಿಗೆ ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬಿತು.

ಜೂನ್ ೫, ಶುಕ್ರವಾರ

ಭೋಜ ಬಂದರು, ಹೋದರು. ಬಂದಾಗ ನಾನೊಬ್ಬಳೇ ಮಾತಾಡಿದ್ದು, ಹದಿನೈದು ದಿನದ್ದು ಒಟ್ಟಿಗೆ! ಅವರು ನಡುನಡುವೆ ಹೂಂ ಅನ್ನುತ್ತ ನಿದ್ದೆ ಹೋದರು. ಪಾಪ, ಬಿಸಿಲಿನಲ್ಲಿ ಕೆಲಸ.

ನಮಗೆ ಫೋನಿಲ್ಲ. ಸೂರ್‌ನಿಂದ ಮಂಗಳವಾರ ಮಂಗಳವಾರ ಬೀ ಝುವೇನಾರ ಮನೆಗೆ ಫೋನು ಮಾಡುತ್ತಾರೆ. ಅವರು ಗೋಡೆಯ ಮೇಲಿಂದ ಕೂಗುತ್ತಾರೆ: "ಬಿಂತೀ! ಯಲ್ಲಾ, ಬೇಗ ಬಾ, ನಿನ್ನ ರಸ್ತೆ ಕರೆಯುತ್ತಿದೆ!" ಭೋಜರಿಗೆ ಅವರಿಟ್ಟ ಹೆಸರು ಅದು, ರಸ್ತೆ!

ಈಗ ಬೆಳಿಗ್ಗೆ ನಾವಿಬ್ಬರೂ ಸರದಿಯಲ್ಲಿ ಒಂದೇ ಮಣೆಯ ಮೇಲೆ ಕೂತು ಹೆರೆಯುತ್ತೇವೆ. ಒಬ್ಬರು ಹೆರೆಯುವಾಗ ಇನ್ನೊಬ್ಬರು ಮಾತು. ಕಾಯಿಗಳು ಈ ದೇಶದ ದಕ್ಷಿಣದ ಸಲಾಲಾದವು, ನಮ್ಮ ಊರಿನಷ್ಟು ಕೊಬ್ಬಿಲ್ಲ. ನನ್ನೊಬ್ಬಳ ಅಡುಗೆಗೆ ಅಷ್ಟೊಂದು ಕಾಯಿ ಯಾಕೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜೂನ್ ೨೩, ಮಂಗಳವಾರ

ಓಹ್, ಇವತ್ತು ಏನಾಯಿತು ಗೊತ್ತಾ! ಫೋನು ಬಂತು, ಭೋಜರದಲ್ಲ, ಶ್ಯಾಮಸುಂದರ ಅವರದು. ರುವಿಯಲ್ಲಿರುವ ನಮ್ಮವರ ಬಳಗದ ಕಾರ್ಯದರ್ಶಿ, ಮೈಸೂರಿನ ಕಡೆಯವರು. "ನೀವು ಕಾಲೇಜಿನಲ್ಲಿ ನಾಟಕ ಗೀಟಕ ಮಾಡಿದೋರಂತೆ. ಸ್ವಾತಂತ್ರ್ಯ ಬಂದು ನಲವತ್ತು ವರ್ಷ ಆಯ್ತಲ್ಲಮ್ಮ, ಮಕ್ಕಳಿಂದ ಏನಾದ್ರೂ ಮಾಡಿಸ್ತೀರಾ?"

ಮಾಡಿಸ್ತೀರಾ ಅಂತ ಕೇಳಬೇಕೇ! ಫೋನು ಇಡುವಷ್ಟರಲ್ಲಿ ಇಡೀ ನಾಟಕ ತಲೆಯಲ್ಲಿತ್ತು. ವೇದಿಕೆಯ ನಡುವೆ ಎತ್ತರದ ಕುರ್ಚಿ, ಅದರಲ್ಲಿ ಸಾಮ್ರಾಜ್ಯ, ತಲೆಗೆ ಕಿರೀಟ. ಹೆಗಲಿಂದ ವೇದಿಕೆಯ ತುದಿವರೆಗೂ ಹರಡಿದ ಕೆಂಪು ನಿಲುವಂಗಿ. ಒಂದೊಂದು ದೇಶವಾಗಿ ಒಂದೊಂದು ಮಗು ಬಂದು, ತಾರೀಖು ಕೂಗಿ, ನಿಲುವಂಗಿಯ ಒಂದು ತುಂಡು ಕಿತ್ತುಕೊಂಡು ಹೋಗುವುದು. ಮೊದಲು ಅಮೇರಿಕಾ, ಚಹಾದ ಪೆಟ್ಟಿಗೆ ಸಮುದ್ರಕ್ಕೆ ಎಸೆದು. ಆಮೇಲೆ ಭಾರತ, ಬರ್ಮಾ, ಸಿಲೋನು, ಘಾನಾ, ಕೀನ್ಯಾ. ಕೊನೆಗೆ ಸಾಮ್ರಾಜ್ಯಕ್ಕೆ ಉಳಿಯುವುದು ಕರ್ಚೀಫಿನಷ್ಟು ಬಟ್ಟೆ!

ಬೀ ಝುವೇನಾರಿಗೆ ಅಭಿನಯ ಮಾಡಿ ತೋರಿಸಿದೆ. ಬಿದ್ದು ಬಿದ್ದು ನಕ್ಕರು. ಕೆಂಪು ಬಟ್ಟೆ ಹೊಲಿದುಕೊಡುತ್ತೇನೆ, ತುಂಡುಗಳಿಗೆ ಟಿಚ್ ಬಟನ್ ಹಾಕಿದರೆ ಎಳೆದ ಕೂಡಲೇ ಬರುತ್ತದೆ ಎಂದರು.

"ನಿಮ್ಮ ದೇಶಕ್ಕೆ ಸ್ವಾತಂತ್ರ್ಯ ಯಾವಾಗ ಬಂತು?" ಅಂತ ಕೇಳಿದೆ.

"ಡಿಸೆಂಬರಿನಲ್ಲಿ. ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡಿದ್ದೆವು."

"ಆಮೇಲೆ?"

"ನಮ್ಮದು ಒಂದು ತಿಂಗಳಿನದು, ಬಿಂತಿ." ಎದ್ದು ಒಲೆ ಸಣ್ಣ ಮಾಡಲು ಹೋದರು. ಒಂದು ತಿಂಗಳ ಹಬ್ಬ! ನಮ್ಮದು ಒಂದೇ ದಿನದ್ದು, ಒಂದು ಲಡ್ಡಿನದ್ದು.

ಜುಲೈ ೯, ಗುರುವಾರ

ಭೋಜ ಬರಲಿಲ್ಲ. ಡಾಂಬರು ಹಾಕುವುದು ಅರ್ಧಕ್ಕೆ ನಿಲ್ಲಿಸಲಾಗದಂತೆ. ಬಂಗುಡೆ ಸಾರು ಮಾಡಿದ್ದೆ. ಅರ್ಧ ಬೀ ಝುವೇನಾರಿಗೆ ಕೊಟ್ಟೆ, ಇನ್ನರ್ಧ ಬೆಕ್ಕು ನೋಡಿಕೊಂಡಿತು.

ಜುಲೈ ೧೭, ಶುಕ್ರವಾರ

ಸ್ಟೀಫನ್ ಅವರ ಪಿಕಪ್ಪಿನಲ್ಲಿ ರುವಿಗೆ ಹೋಗಿದ್ದೆ. ಕುಂದಾಪುರದವರು, ಹತ್ತಿರದ ರುಸೈಲ್‌ನ ಕಾರ್ಖಾನೆಯಲ್ಲಿ ಕೆಲಸ. ಶುಕ್ರವಾರ ಚರ್ಚಿಗೆ ಹೋಗುವಾಗ ನನ್ನನ್ನೂ ಹತ್ತಿಸಿಕೊಳ್ಳುತ್ತಾರೆ. ಶ್ಯಾಮಸುಂದರರ ಮನೆಯಲ್ಲಿ ಗಾಜಿನ ಕಪಾಟಿನ ತುಂಬ ವಿಶ್ವಕೋಶ! ದೇಶಗಳ ತಾರೀಖೆಲ್ಲ ಬರೆದುಕೊಂಡೆ.

ಹಾಗೇ ಜಾಂಜಿಬಾರನ್ನೂ ತೆಗೆದು ನೋಡಿದೆ. ಅಲ್ಲಿನ ರಾಷ್ಟ್ರೀಯ ರಜಾದಿನ ಜನವರಿ ಹನ್ನೆರಡು. ೧೯೬೪ರಲ್ಲಿ ಆ ದಿನ ಜನ ಎದ್ದು ಸುಲ್ತಾನನನ್ನು ಓಡಿಸಿದರಂತೆ. ಬೀ ಝುವೇನಾ ಡಿಸೆಂಬರ್ ಅಂದಿದ್ದರಲ್ಲ! ಪಾಪ, ತಮ್ಮದೇ ದೇಶದ ತಾರೀಖು ಮರೆತಿದ್ದಾರೆ. ಊರು ಬಿಟ್ಟು ವರ್ಷಗಳಾದರೆ ಹೀಗೇ ಇರಬೇಕು.

ಆಗ ಬಂತು ನೋಡಿ ಐಡಿಯಾ! ಜಾಂಜಿಬಾರಿಗೂ ಒಂದು ಮಗು. ಅವರಿಗೆ ಹೇಳುವುದೇ ಇಲ್ಲ. ಮೊದಲ ಸಾಲಿನಲ್ಲಿ ಕೂರಿಸಿ, ಕೊನೆಯಲ್ಲಿ ಅವರ ದೇಶವನ್ನು ತಂದು ನಿಲ್ಲಿಸುವುದು!

ಆಗಸ್ಟ್ ೬, ಗುರುವಾರ

ಬಕ್ರೀದಿಗೆ ಎಲ್ಲ ಕಡೆ ರಜೆ. ಸೂರ್‌ನಲ್ಲಿ ಇಲ್ಲ. ಭೋಜ ಫೋನಿನಲ್ಲಿ, "ಇಷ್ಟು ಕಷ್ಟವಾದರೆ ನೀನು ಒಂದು ವರ್ಷ ಊರಿಗೆ ಹೋಗಿ ಅಮ್ಮನ ಜೊತೆ ಇರು. ಫ್ಲಾಟ್ ಸಿಕ್ಕಿದ ಮೇಲೆ ಕರೆಸಿಕೊಳ್ಳುತ್ತೇನೆ," ಅಂದರು. ಒಳ್ಳೆಯದಕ್ಕೇ ಹೇಳಿದ್ದು. ಫೋನು ಇಟ್ಟ ಮೇಲೂ ಅಲ್ಲೇ ನಿಂತಿದ್ದೆ.

ಬೀ ಝುವೇನಾ ಕೆಂಪು ಬಟ್ಟೆ ಹೊಲಿಯುತ್ತಿದ್ದವರು ಮಿಷನ್ ನಿಲ್ಲಿಸಿದರು. ದಾರದ ಉಂಡೆ ನನ್ನ ಕೈಗೆ ಕೊಟ್ಟು ಸೂಜಿಗೆ ಪೋಣಿಸಲು ಹೇಳಿದರು. ಅವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ.

"ಆರು ದೇಶ ಅಂದೆ. ಇಲ್ಲಿ ಏಳು ತುಂಡು ಮಾಡಿಸುತ್ತಿದ್ದೀಯ. ಏಳನೆಯದು ಯಾರದು?"

"ಅದು ಸರ್ಪ್ರೈಸ್!" ಅಂದೆ. ಅಷ್ಟು ದುಃಖದಲ್ಲೂ ನಗು ಬಂತು.

ಆಗಸ್ಟ್ ೧೧, ಮಂಗಳವಾರ

ನಿನ್ನೆ, ಇವತ್ತು ಎರಡೂ ದಿನ ರಿಹರ್ಸಲ್. ಮಕ್ಕಳೆಲ್ಲ ಊರಿಂದ ವಾಪಸು ಬಂದಿದ್ದಾರೆ. ಕನ್ನಡದಲ್ಲಿ ಹೇಳಿಕೊಟ್ಟರೆ ಇಂಗ್ಲಿಷಿನಲ್ಲಿ ಜಗಳ. ಸಾಮ್ರಾಜ್ಯದ ಪಾತ್ರ ಶ್ಯಾಮಸುಂದರರ ಮಗಳದು. ಕಿರೀಟ ಸಿಗುತ್ತದೆಂದು ಹಟ ಮಾಡಿ ತೆಗೆದುಕೊಂಡವಳು ಈಗ ಮುಖ ಊದಿಸಿಕೊಂಡಿದ್ದಾಳೆ. "ವೈ ಆಂಟೀ? ಎಲ್ಲರೂ ನನ್ನದು ಕಿತ್ತುಕೊಂಡು ಹೋದರೆ ಲಾಸ್ಟಿಗೆ ನನಗೇನು?"

ಅವಳ ತಾಯಿ ಕಾಂತಾಮಣಿ, "ನಿಂಗೆ ಬುದ್ಧಿ, ಕೂತ್ಕೋ," ಎಂದರು.

ಜಾಂಜಿಬಾರಿನ ಸಾಲು ಶ್ಯಾಮಸುಂದರರಿಗೆ ತೋರಿಸಲಿಲ್ಲ. ಅವರು ಎಲ್ಲದಕ್ಕೂ ಹೆದರುತ್ತಾರೆ. ವಂದನಾರ್ಪಣೆಯನ್ನೇ ನಾಲ್ಕು ಸಲ ತಿದ್ದಿದ್ದಾರೆ.

ಆಗಸ್ಟ್ ೧೫, ಶನಿವಾರ, ಬೆಳಿಗ್ಗೆ

ಸ್ವಾತಂತ್ರ್ಯ ದಿನದ ಶುಭಾಶಯ, ನನ್ನ ದಿನಚರಿಯೇ! ಕಾರ್ಯಕ್ರಮ ರಜೆಯೆಂದು ನಿನ್ನೆ ಸಂಜೆಯೇ ಆಯಿತು. ಗೆದ್ದೆ!

ಬೀ ಝುವೇನಾ ಮರಳಿನ ಬಣ್ಣದ ರೇಷ್ಮೆ ತೊಟ್ಟು, ಅತ್ತರು ಹಾಕಿಕೊಂಡು, ಸ್ಟೀಫನ್ ಅವರ ಪಿಕಪ್ಪಿನಲ್ಲಿ ರಾಣಿಯ ಹಾಗೆ ಕೂತು ಬಂದರು. ಮೊದಲ ಸಾಲಿನಲ್ಲಿ ಕೂರಿಸಿದೆ. ಅಮೇರಿಕಾ ಚಹಾದ ಪೆಟ್ಟಿಗೆಯನ್ನು ಸಮುದ್ರಕ್ಕೆ ಬದಲು ತಬಲಾದವರ ಮೇಲೆ ಎಸೆಯಿತು. ಭಾರತ ಬಂದಾಗ ಇಡೀ ಸಭೆಯೇ ಎದ್ದು ನಿಂತಿತು. ಟಿಚ್ ಬಟನ್‌ಗಳು ಟಪಟಪ ಬಿಚ್ಚಿಕೊಂಡವು, ಎಷ್ಟು ಚೆಂದದ ಸದ್ದು!

ಕೊನೆಗೆ ಏಳನೆಯ ಮಗು ಬಂದು, ತುಂಡು ಎಳೆದು, ಗಂಟಲು ಹರಿಯುವಂತೆ ಕೂಗಿತು: "ಜಾಂಜಿಬಾರ್! ಜನವರಿ ಹನ್ನೆರಡು, ಸಾವಿರದ ಒಂಬೈನೂರ ಅರವತ್ತನಾಲ್ಕು! ಸುಲ್ತಾನನನ್ನು ಓಡಿಸಿ ನಾವು ಸ್ವತಂತ್ರರಾದೆವು!" ಅದನ್ನೇ ನಾನು ಮೈಕಿನಲ್ಲಿ ಇಂಗ್ಲಿಷಿನಲ್ಲಿ ಹೇಳಿ, "ಆ ದೇಶದ ಮಗಳು ಇವತ್ತು ನಮ್ಮ ನಡುವೆ ಇದ್ದಾರೆ! ಬೀ ಝುವೇನಾ, ದಯವಿಟ್ಟು ಎದ್ದು ನಿಲ್ಲಿ!" ಅಂದೆ. ಎಲ್ಲರೂ ತಿರುಗಿ ಚಪ್ಪಾಳೆ ತಟ್ಟಿದರು. ಅವರು ಎದ್ದು ನಿಂತರು. ಕಣ್ಣಲ್ಲಿ ನೀರು! ಅಷ್ಟು ಸಂತೋಷ ಅವರಿಗೆ.

ಶ್ಯಾಮಸುಂದರ ಕರ್ಚೀಫಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಲೇ ಇದ್ದರು. ಸಭಾಂಗಣದ ಎಸಿ ಕೈಕೊಟ್ಟಿತ್ತೋ ಏನೋ. ಬರುವ ದಾರಿಯಲ್ಲಿ ಬೀ ಝುವೇನಾ ಕಿಟಕಿಯ ಕಡೆ ತಿರುಗಿ ಕೂತಿದ್ದರು, ದಣಿದಿದ್ದರು. ಗೇಟಿನ ಹತ್ತಿರ "ಶುಕ್ರನ್" ಎಂದು ಥ್ಯಾಂಕ್ಸ್ ಹೇಳಿ ಚಿಲಕ ಹಾಕಿಕೊಂಡರು.

ಆಗಸ್ಟ್ ೧೭, ಸೋಮವಾರ

ಎರಡು ದಿನದಿಂದ ಕಾಯಿ ಹೆರೆಯುವ ಸದ್ದಿಲ್ಲ. ಗೇಟು ತಟ್ಟಿದೆ. ಮೈಗೆ ಹುಷಾರಿಲ್ಲವೇನೋ.

ಆಗಸ್ಟ್ ೧೮, ಮಂಗಳವಾರ

ಫೋನಿನ ದಿನ. ಆಚೆ ಫೋನು ಬಡಿದುಕೊಳ್ಳುವುದು ಕೇಳಿಸಿತು. ಬಹಳ ಹೊತ್ತು ಬಡಿದುಕೊಂಡಿತು. ಯಾರೂ ನನ್ನನ್ನು ಕೂಗಲಿಲ್ಲ.

ಸಂಜೆ ಶ್ಯಾಮಸುಂದರ, ಕಾಂತಾಮಣಿ ಕಾರಿನಲ್ಲಿ ಬಂದರು. ಶ್ಯಾಮಸುಂದರ ಕೂರಲೂ ಇಲ್ಲ.

"ಏನಮ್ಮ ತಾಯಿ ನೀವು ಮಾಡಿದ್ದು? ಇದು ಯಾವ ದೇಶ ಗೊತ್ತೇನ್ರೀ? ಸುಲ್ತಾನರ ನಾಡಲ್ಲಿ ಕೂತ್ಕೊಂಡು ಸುಲ್ತಾನನ್ನ ಓಡಿಸಿದ್ವಿ ಅಂತ ಮಗು ಕೈಲಿ ಹೇಳಿಸ್ತೀರಲ್ಲ!"

"ಅದು ಜಾಂಜಿಬಾರಿನ ಸುಲ್ತಾನ..."

"ಆ ಸುಲ್ತಾನನೂ ಇಲ್ಲಿಂದ ಹೋದ ಮನೆತನದವರೇ ಅಲ್ವೇ! ಇಲ್ಲಿನ ಅರಬರು ತಲೆತಲಾಂತರದಿಂದ ಅಲ್ಲಿ ತೋಟ ಮಾಡ್ಕೊಂಡಿದ್ರು. ಇಂಗ್ಲಿಷರು ಸ್ವಾತಂತ್ರ್ಯ ಕೊಟ್ಟಿದ್ದು ಡಿಸೆಂಬರಲ್ಲಿ. ತಿಂಗಳಾಗೋದ್ರಲ್ಲಿ ದಂಗೆ ಎದ್ದು ಸಿಕ್ಕಸಿಕ್ಕ ಅರಬರನ್ನ ಕೊಂದ್ರು. ಉಳಿದೋರು ಉಟ್ಟ ಬಟ್ಟೇಲಿ ಓಡಿಬಂದ್ರು. ನಿಮ್ಮ ಹನ್ನೆರಡನೇ ತಾರೀಖು ಅಂದ್ರೆ ಅದು! ಆಕೇನ ಎದ್ದು ನಿಲ್ಲಿಸಿ ಚಪ್ಪಾಳೆ ಬೇರೆ ಹೊಡೆಸಿದ್ರಿ. ಆಕೆ ತಮ್ಮನಿಗೆ ಒಂದು ಮಾತು ಹೇಳಿ, ಅದು ನನ್ನ ಕಫೀಲ್, ಅದೇ ವೀಸಾ ಕೊಡ್ಸಿರೋ ಧಣಿ, ಅವರ ಕಿವಿಗೆ ಬಿದ್ರೆ ಖಲಾಸ್. ವೀಸಾನೂ ಇಲ್ಲ, ಬಳಗಾನೂ ಇಲ್ಲ."

"ಸುಮ್ನಿರೀ, ಹುಡುಗಿ ಅಳ್ತಾಳೆ," ಅಂದರು ಕಾಂತಾಮಣಿ.

ನಾನು ಅಳುತ್ತಿರಲಿಲ್ಲ. ಟಿಚ್ ಬಟನ್‌ಗಳ ಬಗ್ಗೆ ಯೋಚಿಸುತ್ತಿದ್ದೆ. ಆ ಏಳನೆಯ ತುಂಡಿಗೆ ಬಟನ್ ಹಾಕಿದ್ದು ಅವರೇ.

ಆಗಸ್ಟ್ ೨೦, ಗುರುವಾರ

ಭೋಜ ಬಂದಿದ್ದಾರೆ. ಶ್ಯಾಮಸುಂದರ ಕಂಪನಿಗೆ ಫೋನು ಮಾಡಿದ್ದರಂತೆ. ಇಷ್ಟು ತಿಂಗಳಲ್ಲಿ ರಸ್ತೆ ಕೆಲಸ ಅರ್ಧಕ್ಕೆ ಬಿಟ್ಟು ಬರಲು ಸಾಧ್ಯವಾದದ್ದು ಇದೇ ಮೊದಲು.

"ಎಂತ ಮಾಡಿದ್ದು ಮಾರಾಯ್ತಿ? ಶನಿವಾರದ ವಿಮಾನಕ್ಕೆ ಟಿಕೆಟ್ ಹೇಳಿದ್ದೇನೆ. ಊರಿಗೆ ಹೋಗು. ತಣ್ಣಗಾದ ಮೇಲೆ ನೋಡುವ."

"ಅವರ ಹತ್ತಿರ ಮಾತಾಡದೆ ಹೋಗುವುದಾ?"

"ಅದೇ ಬೇಡ ಅಂತ ಹೇಳುವುದು! ಮಾತಾಡಿ ಮಾತಾಡಿಯೇ ಅಲ್ವಾ ಇಲ್ಲಿವರೆಗೆ ಬಂದದ್ದು?"

ಅದು ನಿಜ. ಸೂಟ್‌ಕೇಸಿಗೆ ಸೀರೆ ತುಂಬಿಸಿದೆ. ಅಮ್ಮನ ಹತ್ತಿರ ಹೋಗಬಹುದು ಅಂತ ಖುಷಿಯಾಗಬೇಕಿತ್ತು. ಎರಡು ತಿಂಗಳ ಹಿಂದೆ ಆಗಿದ್ದರೆ ಕುಣಿಯುತ್ತಿದ್ದೆ.

ಆಗಸ್ಟ್ ೨೧, ಶುಕ್ರವಾರ

ಬೆಳಿಗ್ಗೆ ಭೋಜ ಸ್ನಾನಕ್ಕೆ ಹೋದಾಗ ಒಂದು ಕಾಯಿ ತೆಗೆದುಕೊಂಡು ಗೇಟಿನ ಹತ್ತಿರ ಹೋದೆ. ತಟ್ಟಿದೆ, ತೆರೆಯಲಿಲ್ಲ. ಅಲ್ಲೇ ನೆಲದಲ್ಲಿ ಕೂತೆ. ಬಿಸಿಲಿಗೆ ಗೇಟಿನ ಕಬ್ಬಿಣ ಕಾಯತೊಡಗಿತು. ಭೋಜ ಬಂದು, "ಏಳು, ಯಾರಾದರೂ ನೋಡಿದರೆ," ಅಂದರು. ಏಳಲಿಲ್ಲ. ಅವರು ನೀರಿನ ಚೊಂಬು ಪಕ್ಕದಲ್ಲಿಟ್ಟು ಒಳಗೆ ಹೋದರು.

ಚಿಲಕ ತೆಗೆದದ್ದು ಮಧ್ಯಾಹ್ನದ ನಮಾಜಿನ ಹೊತ್ತು ಕಳೆದ ಮೇಲೆ.

ಕ್ಷಮಿಸಿ ಅನ್ನಲು ಇಂಗ್ಲಿಷಿನಲ್ಲಿ ಏನೆಲ್ಲ ಜೋಡಿಸಿಕೊಂಡಿದ್ದೆ. ಅಷ್ಟರಲ್ಲಿ ಅವರು ಕಾಯಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಡೆದರು, ಮಣೆಯ ಮೇಲೆ ಕೂತರು. ಹೆರೆಯುತ್ತ, ನನ್ನ ಕಡೆ ನೋಡದೆ ಹೇಳಿದರು.

ಡಿಸೆಂಬರ್ ಹತ್ತಕ್ಕೆ ಇಂಗ್ಲಿಷರ ಬಾವುಟ ಇಳಿಯಿತು. ಇವರದು ಏರಿತು, ಕೆಂಪು ಬಟ್ಟೆ, ನಡುವೆ ಹಸಿರಿನಲ್ಲಿ ಲವಂಗ. ಇವರಿಗೆ ಮದುವೆಯಾಗಿ ಮೂರು ತಿಂಗಳು. ಗಂಡ ಸೈಫ್ ಶಾಲೆಯ ಮೇಷ್ಟ್ರು. ಮಕ್ಕಳಿಗೆ ಹೊಸ ಬಾವುಟ ಬರೆಯಲು ಕಲಿಸಿ ಕಲಿಸಿ ಊರಿನ ಅಂಗಡಿಗಳಲ್ಲಿ ಹಸಿರು ಪೆನ್ಸಿಲೇ ಮುಗಿದುಹೋಗಿತ್ತಂತೆ. ಜನವರಿಯ ಆ ಭಾನುವಾರ ರೇಡಿಯೋದಲ್ಲಿ ಬೇರೆಯೇ ದನಿ. ಬೀದಿಯಲ್ಲಿ ಗುಂಡಿನ ಸದ್ದು. ಸೈಫ್ ಶಾಲೆಗೆ ಬೀಗ ಹಾಕಿದೆಯೋ ನೋಡಿ ಬರುತ್ತೇನೆ ಎಂದು ಹೋದರು.

"ಅಷ್ಟೇ," ಅಂದರು. "ಕೀನ್ಯಾದ ಮೊಂಬಾಸಾದಲ್ಲಿ ಏಳು ವರ್ಷ ಕಾದೆ. ಆಮೇಲೆ ಇಲ್ಲಿ, ತಮ್ಮ ಕಟ್ಟಿಸಿಕೊಟ್ಟ ಈ ಮನೆಯಲ್ಲಿ."

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಭುಜ ಹಿಡಿದು ತಡೆದರು.

"ಇನ್ನೂ ಇದೆ, ಕೇಳು. ನನ್ನನ್ನು ಲವಂಗದ ಗೋಣಿಗಳ ಹಿಂದೆ ಬಚ್ಚಿಟ್ಟು ಉಳಿಸಿದವಳು ನಮ್ಮ ತೋಟದಲ್ಲಿ ಲವಂಗ ಕೀಳುವ ಹೆಂಗಸು. ಹೊರಗೆ ಬಂದೂಕು ಹಿಡಿದು ನಿಂತವರಲ್ಲಿ ಅವಳ ಮಗನೂ ಇದ್ದ. ಅವಳ ಅಜ್ಜನನ್ನು ನನ್ನ ಮುತ್ತಜ್ಜ ಗುಲಾಮರ ಸಂತೆಯಲ್ಲಿ ಕೊಂಡು ತಂದಿದ್ದ, ಬಿಂತಿ. ನಿನ್ನ ಮಗು ಕೂಗಿದ್ದು ಸುಳ್ಳಲ್ಲ. ಅವಳಿಗೆ ಅದು ಸ್ವಾತಂತ್ರ್ಯವೇ. ಇಲ್ಲ ಅಂತ ನಾನು ಹೇಳಲಾರೆ. ಚಪ್ಪಾಳೆ ತಟ್ಟಲು ಮಾತ್ರ ನನ್ನಿಂದ ಆಗುವುದಿಲ್ಲ."

"ಮತ್ತೆ ಯಾಕೆ ಎದ್ದು ನಿಂತಿರಿ?"

"ನೀನು ಅಷ್ಟು ಖುಷಿಯಲ್ಲಿದ್ದೆ." ಕಾಯಿಯ ಕಡಿ ತಿರುಗಿಸಿಕೊಂಡರು. "ತಮ್ಮನಿಗೆ ಏನೂ ಹೇಳಿಲ್ಲ. ನಿನ್ನ ಕಾರ್ಯದರ್ಶಿಗೆ ಹೇಳು, ಬೆವರು ಒರೆಸಿಕೊಳ್ಳಲಿ. ಆ ಕಿರೀಟದ ಹುಡುಗಿ ಕೊನೆಗೆ ಒಬ್ಬಳೇ ಕೂತು ಅಳುತ್ತಿತ್ತು. ಅದಕ್ಕೆ ಯಾರಾದರೂ ಮಿಠಾಯಿ ಕೊಟ್ಟರಾ?"

ಕೊಟ್ಟಿರಲಿಲ್ಲ. ಅವಳು ಅತ್ತದ್ದನ್ನೇ ನಾನು ನೋಡಿರಲಿಲ್ಲ.

ಆಗಸ್ಟ್ ೨೨, ಶನಿವಾರ

ವಿಮಾನ ಹೋಯಿತು. ನಾನು ಹೋಗಲಿಲ್ಲ. ಸೂಟ್‌ಕೇಸಿನಿಂದ ಸೀರೆಗಳನ್ನು ಒಂದೊಂದೇ ತೆಗೆದು ಕಪಾಟಿನಲ್ಲಿಟ್ಟೆ. ಭೋಜ ನೋಡುತ್ತ ನಿಂತಿದ್ದರು. "ನೀನು ಯಾವಾಗ ಇಷ್ಟು ಹಟಮಾರಿಯಾದದ್ದು?" ಅಂದರು. ಬೈದದ್ದಲ್ಲ, ನಿಜವಾಗಿ ಕೇಳಿದ್ದು. ನನಗೆ ಗೊತ್ತಿಲ್ಲ.

ಅವರೇ ಅನ್ನಕ್ಕಿಟ್ಟರು. ಸೂರ್‌ನ ಕಡಲಿನ ಬಗ್ಗೆ, ಅಲ್ಲಿ ಮರದ ಹಡಗು ಕಟ್ಟುವವರ ಬಗ್ಗೆ ಹೇಳಿದರು. ನಾನು ಹೂಂ ಅಂದೆ. ಅವರು ಇಷ್ಟು ಮಾತಾಡುತ್ತಾರೆಂದು ಗೊತ್ತಿರಲಿಲ್ಲ.

ಸೆಪ್ಟೆಂಬರ್ ೧೫, ಮಂಗಳವಾರ

ಆಚೆಯಿಂದ ಕೂಗು ಬಂತು. "ಬಿಂತೀ, ರಸ್ತೆ!"

ಅಕ್ಟೋಬರ್ ೨೯, ಗುರುವಾರ

ಭೋಜ ಸೂರ್‌ನಿಂದ ಹೆರೆಮಣೆ ತಂದಿದ್ದಾರೆ. ಹಡಗಿನ ಬಡಗಿಯೊಬ್ಬನಿಗೆ ಚಿತ್ರ ಬರೆದು ತೋರಿಸಿ ಮಾಡಿಸಿದ್ದು. ಹಡಗಿನ ಮರ, ಎತ್ತಲು ಭಾರ. ಒಂದು ಕಾಲು ಚೂರು ಗಿಡ್ಡ, ಕೂತರೆ ಅಲುಗುತ್ತದೆ. ಬೀ ಝುವೇನಾ ನೋಡಿ, "ಇದು ಆಡಲ್ಲ, ಒಂಟೆ," ಅಂದರು.

ರುವಿಯಲ್ಲಿ ಫ್ಲಾಟ್ ಖಾಲಿಯಾಗಿದೆಯಂತೆ. ಸದ್ಯಕ್ಕೆ ಬೇಡ ಅಂದೆ. ಇಲ್ಲಿ ನುಗ್ಗೆ ಗಿಡ ನೆಟ್ಟಿದ್ದೇನೆ, ಬಿಟ್ಟು ಹೋದರೆ ನೀರು ಹಾಕುವವರು ಯಾರು?

ಡಿಸೆಂಬರ್ ೧೦, ಗುರುವಾರ

ಬೆಳಿಗ್ಗೆ ಹೊಸ ಸೀರೆ ಉಟ್ಟು ಗೇಟು ತಟ್ಟಿದೆ. ಬೀ ಝುವೇನಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಯಾವ ಹಬ್ಬ ಎಂದು ಕೇಳಲಿಲ್ಲ. ನಾನೂ ಶುಭಾಶಯ ಹೇಳಲಿಲ್ಲ. "ನಿಲ್ಲು," ಎಂದು ಒಳಗೆ ಹೋದರು. ಬಹಳ ಹೊತ್ತಾಯಿತು. ಹೊರಗೆ ಬಂದಾಗ ಅವರೂ ಹೊಸದು ತೊಟ್ಟಿದ್ದರು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

ಬಾಳೆಹಣ್ಣಿಗೆ ಎರಡು ಕಾಯಿ ಬೇಕಾಯಿತು.

೧೯೮೮ ಜನವರಿ ೧೨, ಮಂಗಳವಾರ

ಇವತ್ತು ಆಚೆ ಕಿಟಕಿಗಳೆಲ್ಲ ಮುಚ್ಚಿದ್ದವು. ನಾನು ಗೇಟು ತಟ್ಟಲಿಲ್ಲ. ಭೋಜ ಫೋನು ಮಾಡುವ ದಿನ, ಮಾಡಬೇಡಿ ಎಂದು ಹೋದ ವಾರವೇ ಹೇಳಿದ್ದೆ.

ಹೆರೆಮಣೆಯನ್ನು ಹೊರಗೆ ತಂದು ಗೋಡೆಯ ಬುಡದಲ್ಲಿಟ್ಟೆ. ಗಿಡ್ಡ ಕಾಲಿಗೆ ಕಲ್ಲಿನ ಚೂರು ಕೊಟ್ಟು ಕೂತೆ. ಒಂದು ಕಾಯಿ ಹೆರೆದೆ, ಆಚೆ ಕೇಳಿಸುವ ಹಾಗೆ, ನಿಧಾನಕ್ಕೆ. ಅಡುಗೆಗೆ ಅಷ್ಟು ಸಾಕಿತ್ತು. ಇನ್ನೊಂದು ಒಡೆದೆ. ಮತ್ತೊಂದು.

ನೆರಳು ಗೋಡೆಯಿಂದ ನನ್ನ ಕಾಲಿನವರೆಗೆ ಬಂದ ಮೇಲೆ ಆಚೆಯಿಂದಲೂ ಕೇಳಿಸಿತು. ಕರ್ರ್, ಸ್ವಲ್ಪ ತಡೆದು, ಮತ್ತೆ ಕರ್ರ್.